ಹೊನ್ನಾದೇವಿಯ ತುಂಬುತೋಳು

“ಕೇಳ್ರಪ್ಪೋ ಕೇಳ್ರಿ! ಹುಲಿಗುಡ್ಡದ ಕೆಂಚರಾಜರ ಮಗಳು ಹೊನ್ನಾದೇವಿ ಮೂರು ಒಗಟು ಕೇಳ್ತಾಳೆ. ಬಿಡಿಸಿದವನಿಗೆ ಅವಳ ಕೈ, ಅರ್ಧ ರಾಜ್ಯ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ!”

ಡಂಗುರ ಕೇಳಿದ ರಾಜಕುಮಾರರು ತಲೆ ಬಾಚಿಕೊಂಡು ಬಂದರು, ಅದು ಉಳಿಯುವುದೆಂಬ ನಂಬಿಕೆಯಲ್ಲಿ.

ಕಂಬಳಿ ನೇಯುವವರ ಮಗ ಬೀರ ಬಂದದ್ದು ಅರಮನೆಗೆ ಕಂಬಳಿ ಒಪ್ಪಿಸಲು. ತಾನು ಮಾತ್ರ ಹೊದ್ದವನಲ್ಲ. ಹೊದ್ದರೆ ಮೊಣಕೈ ಮಡಿಕೆಯ ಇಸಬು ಕೆರಳುತ್ತಿತ್ತು. “ಮೀನಿಗೆ ನೀರು ಆಗೋಲ್ವಂತೆ!” ಎಂದು ಓಣಿಯೇ ನಗುತ್ತಿತ್ತು. ನಗದವಳು ಅವ್ವ ಒಬ್ಬಳೇ. ಅವಳು ತೀರಿಕೊಂಡು ಬಹಳ ಕಾಲವಾಗಿತ್ತು.

ಸಭೆಯಲ್ಲಿ ಹೊನ್ನಾದೇವಿ ಕೇಳಿದಳು: “ಉಣಿಸಿದಷ್ಟೂ ಹಸಿದು, ಕಡೆಗೆ ಉಣಿಸಿದವನನ್ನೇ ತಿನ್ನುವ ಪ್ರಾಣಿ ಯಾವುದು? ನೀರಲ್ಲಿ ಮುಳುಗಿಸಿ ಎತ್ತಿದರೂ ಬಾಯಾರಿ ಬಿರಿಯುವ ನೆಲ ಯಾವುದು? ಯಾವ ರಾಜಾಜ್ಞೆಗೂ ಗಡಿಪಾರಾಗದ ಪ್ರಜೆ ಯಾರು?”

“ಬೆಂಕಿ, ಮರಳುಗಾಡು, ಸಾವು” ಎಂದ ಒಬ್ಬ. ತಲೆ ತೆಗೆಯುವ ದಿನದವರೆಗೆ ಇರಲೆಂದು ಸೆರೆಗೆ ತಳ್ಳಿದರು. “ದುರಾಸೆ, ಹೆಣ್ಣಿನ ಮನಸ್ಸು...” ಎಂದ ಇನ್ನೊಬ್ಬ. ಮೂರನೆಯದು ಕೇಳುವ ಮುಂಚೆಯೇ ಎಳೆದೊಯ್ದರು. ಆ ಮಾತಿಗೆ ಅಷ್ಟು ಅವಸರ ಸರಿಯೇ.

ಬಾಗಿಲಲ್ಲಿ ನಿಂತ ಬೀರ ನೋಡಿದ. ಸುಡು ಸೆಕೆಯಲ್ಲೂ ರಾಜಕುಮಾರಿಗೆ ಜರಿಯ ತುಂಬುತೋಳು. ಯಾರಿಗೂ ಕಾಣದಂತೆ ಮೊಣಕೈಯನ್ನು ಪೀಠದ ಅಂಚಿಗೆ ಉಜ್ಜುತ್ತಿದ್ದಾಳೆ. ಹಾಗೆ ಉಜ್ಜುವುದು ಅವನಿಗೆ ಗೊತ್ತಿತ್ತು. ಉತ್ತರವೂ ಗೊತ್ತಾಯಿತು. ಆದರೆ ಅರಮನೆ ಮುಚ್ಚಿಟ್ಟದ್ದನ್ನು ತುಂಬಿದ ಸಭೆಯಲ್ಲಿ ಬಿಚ್ಚಿದರೆ ಅವಳ ಮಾನವೂ ಹೋಗುತ್ತೆ, ತನ್ನ ತಲೆಯೂ ಹೋಗುತ್ತೆ.

“ನಾನು ಬಿಡಿಸ್ತೀನಿ, ಬುದ್ಧೀ.”

“ನೀನಾ? ತಪ್ಪಿದರೆ ಏನಾಗುತ್ತೆ ಗೊತ್ತಲ್ಲ?” ಎಂದ ರಾಜ.

ಬೀರ ತನ್ನ ಅಂಗಿತೋಳು ಮಡಿಚಿದ. ಕೆಂಪಗೆ ದಪ್ಪಗಟ್ಟಿದ ಚರ್ಮ ಕಂಡು ಸಭೆ ಹಿಂದೆ ಸರಿಯಿತು.

“ಹೆದರಬೇಡಿ, ಇಸಬು ಅಂಟೋದಲ್ಲ. ಮೊದಲನೆಯದು ತುರಿಕೆ. ಕೆರೆದಷ್ಟೂ ಇನ್ನಷ್ಟು ಕೇಳುತ್ತೆ, ಕೊನೆಗೆ ನನ್ನನ್ನೇ ತಿನ್ನುತ್ತೆ. ಎರಡನೆಯದು ಈ ಚರ್ಮ. ನಮ್ಮಲ್ಲಿ ಅಕ್ಕರೆ ಅಂದರೆ ಹಬೆಯಾಡೋ ಹಂಡೆ ನೀರು, ಸೀಗೆಪುಡಿ ಹಾಕಿ ತಿಕ್ಕೋದು. ಇದ್ದ ಜಿಡ್ಡೂ ಹೋಗಿ ಬಿರಿಯುತ್ತೆ. ನಮ್ಮವ್ವ ಉಗುರುಬೆಚ್ಚಗಿನ ನೀರು ಹಾಕಿ, ಹಳೇ ಪಂಚೆಯಲ್ಲಿ ಒತ್ತಿ, ಮೈ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಸವರ್ತಿದ್ದಳು. ನೀರು ಒಳಗೇ ಉಳೀಲಿ ಮಗಾ, ಅಂತಿದ್ದಳು...”

ಬಚ್ಚಲ ಒದ್ದೆ ಕಲ್ಲು, ಗೂಡಿನ ಎಣ್ಣೆಗಿಂಡಿ, ಬೆನ್ನ ಮೇಲೆ ಅವ್ವನ ಒರಟು ಅಂಗೈ. ಬೀರ ಒಂದು ಗಳಿಗೆ ತಾನೆಲ್ಲಿದ್ದೇನೆಂಬುದನ್ನೇ ಮರೆತ.

“ಮೂರನೆಯದು?” ಹೊನ್ನಾದೇವಿ ಮುಂದೆ ಬಾಗಿದ್ದಳು.

“ಈ ಇಸಬೇ, ತಾಯೀ. ಹೋಗುತ್ತೆ, ಮತ್ತೆ ಬರುತ್ತೆ. ಬೇರುಸಹಿತ ಕೀಳ್ತೀನಿ ಅನ್ನೋನು ಸುಳ್ಳುಗಾರ. ಯಾವುದಕ್ಕೆ ಕೆರಳುತ್ತೆ ಅಂತ ತಿಳ್ಕೊಂಡು, ಉಗುರು ಕತ್ತರಿಸಿ, ಮೆತ್ತನೆ ಹತ್ತಿ ಬಟ್ಟೆ ಉಟ್ಟು ಪಳಗಿಸಬೇಕು. ಜೋರಾದರೆ ವೈದ್ಯರ ಲೇಪವೂ ಬೇಕು.”

“ಹೋಗೋದೇ ಇಲ್ಲವೇನೋ?” ಕೆಂಚರಾಜ ಕತ್ತಿಯ ಹಿಡಿಗೆ ಕೈ ಹಾಕಿದ. ಆದರೆ ದನಿ ರಾಜನದಾಗಿರಲಿಲ್ಲ, ಅಪ್ಪನದು.

ಹೊನ್ನಾದೇವಿ ಎದ್ದಳು. ಜರಿತೋಳನ್ನು ತಾನೇ ಮೇಲಕ್ಕೆಳೆದು, ಬೀರನ ಕೈ ಪಕ್ಕ ತನ್ನ ಕೈ ಇಟ್ಟಳು. “ಉತ್ತರ ಸರಿ ಇದೆ ಅಪ್ಪಾಜಿ. ಕತ್ತಿ ಬಿಡಿ. ಸೆರೆಯಲ್ಲಿರೋರನ್ನೂ ಬಿಡಿ, ಪಾಪ.”

ಮದುವೆ ನಿಶ್ಚಯವಾಯಿತು, ಅರ್ಧ ರಾಜ್ಯವೂ ಸಿಕ್ಕಿತು. ಮದುವೆಯ ಬೆಳಗ್ಗೆ ಅರಮನೆಯ ಬಚ್ಚಲು ನೋಡಿಕೊಳ್ಳುವ ಚೆನ್ನಜ್ಜಿ, “ಅಳಿಯಂದಿರಿಗೆ ಆರಿದ ನೀರು ಹಾಕಿದರೆ ಊರು ಏನಂದೀತು?” ಎಂದು ಹಂಡೆ ತುಂಬಿಸಿ ಕಟ್ಟಿಗೆ ಒಟ್ಟಿದಳು. ಮದುಮಗಳೇ ಬಂದು ಕೊಳ್ಳಿಗಳನ್ನು ಹೊರಗೆಳೆದಳು.

ಹುಲಿಗುಡ್ಡದಲ್ಲಿ ಅಳಿಯನಿಗೆ ಉಗುರುಬೆಚ್ಚಗಿನ ನೀರು ಹಾಕುವ ಪದ್ಧತಿ ಶುರುವಾದದ್ದು ಹಾಗೆ. ಕಾರಣ ಮರೆತವರು ಈಗ ಅದನ್ನು ಅತ್ತೆಯ ಜಿಪುಣತನ ಅನ್ನುತ್ತಾರೆ.