ಜವಳಿ ವ್ಯಾಪಾರಿಯ ಗೆಳೆಯ

"ಗುರುಗಳೇ, ರೋಗಿ ಸುಳ್ಳು ಹೇಳಿದಾಗ ವೈದ್ಯನು ಅದನ್ನು ಬಯಲಿಗೆ ಎಳೆಯಬೇಕಲ್ಲವೆ?" ಎಂದು ಚನ್ನವೀರ ಕೇಳಿದ.

ಅವನು ವೈದ್ಯವಿದ್ಯೆ ಕಲಿಯಲು ಬಂದವನು. ಆ ದಿನ ಬೆಳಿಗ್ಗೆ ಒಬ್ಬ ಹೆಂಗಸು ಬಂದು, ತನ್ನ ತಂಗಿಗೆ ಮುಟ್ಟಿನ ರಕ್ತ ನಿಲ್ಲುತ್ತಿಲ್ಲವೆಂದು ಹೇಳಿದ್ದಳು. ಬಿಳುಚಿಕೊಂಡಿದ್ದದ್ದು ಅವಳದೇ ಮುಖ. "ತಂಗಿಯ ಮಾತು ಬಿಡಮ್ಮ, ನಿನಗೇ ತಾನೆ?" ಎಂದು ಅವನು ಕೇಳಿಬಿಟ್ಟಿದ್ದ. ಅವಳು ಸೆರಗು ಎಳೆದುಕೊಂಡು ಎದ್ದು ಹೋಗಿದ್ದಳು.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿಯಿದ್ದ. ಪ್ರಾಯದವನು, ಮಾತಿನ ಮಲ್ಲ. ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಅವನ ಒಂದು ವೃಷಣ ಊದಿಕೊಂಡಿತು. ತನಗಿನ್ನು ಮಕ್ಕಳಾಗುವುದಿಲ್ಲವೆಂದು ತಾನೇ ತೀರ್ಮಾನಿಸಿ, ಮದುವೆಯನ್ನು ಮುರಿದುಬಿಡಲು ನಿಶ್ಚಯಿಸಿದ. ಹೆಣ್ಣಿನ ಕಡೆಯವರಿಗೆ ಹೇಳಿಕಳಿಸಲು ಒಂದು ನೆಪವನ್ನೂ ಹುಡುಕಿಟ್ಟುಕೊಂಡ. ಒಬ್ಬಳ ಬಾಳು ಕೆಡಿಸಬಾರದೆಂಬ ಒಳ್ಳೆಯ ಬುದ್ಧಿಯೇನೋ ಇತ್ತು. ಯಾರಿಗಾದರೂ ತೋರಿಸುವ ಧೈರ್ಯ ಮಾತ್ರ ಇರಲಿಲ್ಲ. ಕಡೆಗೆ ಮನಸ್ಸು ತಡೆಯದೆ ಪರವೂರಿನ ವೈದ್ಯನೊಬ್ಬನಲ್ಲಿಗೆ ಹೋದ.

"ನನಗೇನೂ ಇಲ್ಲ. ನನ್ನ ಗೆಳೆಯನೊಬ್ಬನಿಗೆ ಕೆಳಗೆ ಊತ," ಎಂದ.

ಯಾವ ಕಡೆ, ಎಂದಿನಿಂದ, ಪೆಟ್ಟು ಬಿದ್ದಿತ್ತೆ, ಜ್ವರ ಬಂದಿತ್ತೆ, ಮೂತ್ರ ಉರಿಯುತ್ತದೆಯೆ ಎಂದು ವೈದ್ಯನು ಗೆಳೆಯನ ಬಗೆಗೇ ವಿಚಾರಿಸುತ್ತ ಹೋದ. ವ್ಯಾಪಾರಿ ಪಟಪಟನೆ ಉತ್ತರ ಕೊಟ್ಟ. ಮಲಗಿದಾಗ ಊತ ಇಳಿಯುತ್ತದೆಯೆ ಎಂದು ಕೇಳಿದಾಗ ಮಾತ್ರ ತಡವರಿಸಿದ. ಅದನ್ನು ಅವನು ಗಮನಿಸಿರಲಿಲ್ಲ. "ಕೇಳಿಕೊಂಡು ಬರುತ್ತೇನೆ," ಎಂದು ಹೊರಟ. ಛತ್ರದ ಕೋಣೆಯಲ್ಲಿ ಕದ ಹಾಕಿಕೊಂಡು ಮಲಗಿ, ಮುಟ್ಟಿ ನೋಡಿಕೊಂಡು ಬಂದು, "ಇಳಿಯುವುದಿಲ್ಲವಂತೆ," ಎಂದ. ವೈದ್ಯನು ನಗಲಿಲ್ಲ. ಅವನ ಕುತೂಹಲವೆಲ್ಲ ಊತದ ಮೇಲಿತ್ತು, ಅದು ಯಾರದೆಂಬುದರ ಮೇಲಲ್ಲ. ಇನ್ನೂ ಹತ್ತಿರ ಸರಿದು ಕೂತ.

"ಹಾಗಾದರೆ ಕರುಳು ಜಾರಿದ್ದಲ್ಲ. ಅದು ನೀರೋ ಗಡ್ಡೆಯೋ ತಿಳಿಯಬೇಕು. ಕತ್ತಲ ಕೋಣೆಯಲ್ಲಿ ಊತದ ಹಿಂದೆ ದೀಪ ಹಿಡಿದು ಮುಂದಿನಿಂದ ನೋಡಬೇಕು. ಬೆಳಕು ಹಾಯ್ದರೆ ನೀರು. ಕೈಯಿಂದ ಮುಟ್ಟಿಯೂ ನೋಡಬೇಕು. ಇದು ಕೇಳಿಕೊಂಡು ಬರುವ ವಿಷಯವಲ್ಲ," ಎಂದ.

ವ್ಯಾಪಾರಿ ಎದ್ದು ಕದದವರೆಗೆ ಹೋಗಿ ತಿರುಗಿ ನಿಂತ. "ಗೆಳೆಯನನ್ನು ಒಳಗೆ ಕಳಿಸಲೇ?" ಎಂದು ಕೇಳಿದ.

"ಕಳಿಸಿ. ನೀವು ಹೊರಗೇ ಇರಿ," ಎಂದ ವೈದ್ಯ.

ವ್ಯಾಪಾರಿ ಹೊರಗೆ ಹೋಗಿ, ಗೆಳೆಯನಾಗಿ ಒಳಗೆ ಬಂದ. ವೈದ್ಯನು ಅವನನ್ನು ಹೊಸಬನಂತೆಯೇ ಬರಮಾಡಿಕೊಂಡು ಕದ ಹಾಕಿದ. ಮುಟ್ಟುವ ಮೊದಲು, ಮುಟ್ಟಲೇ ಎಂದು ಕೇಳಿದ. ಊತವಿಲ್ಲದ ಕಡೆಯನ್ನೂ ನೋಡಿದ. ಆಮೇಲೆ ದೀಪ ಹಿಡಿದ. ಊತ ಕೆಂಪಗೆ ಬೆಳಗಿತು. ಬರೀ ನೀರು, ತೆಗೆಯಬಹುದು, ಮದುವೆಗೆ ಅಡ್ಡಿಯಿಲ್ಲ ಎಂದ. ವ್ಯಾಪಾರಿ ಅತ್ತುಬಿಟ್ಟ. ಹೊರಡುವಾಗ ಕೈಮುಗಿದು, "ನನ್ನ ಗೆಳೆಯನಿಗೆ ದೊಡ್ಡ ಉಪಕಾರ ಮಾಡಿದಿರಿ," ಎಂದ.

ಚನ್ನವೀರನಿಗೆ ಸಮಾಧಾನವಾಗಲಿಲ್ಲ. "ಸುಳ್ಳು ಕೊನೆಯವರೆಗೂ ಸುಳ್ಳಾಗಿಯೇ ಉಳಿಯಿತಲ್ಲ, ಗುರುಗಳೇ?" ಎಂದ.

"ಉಳಿಯಿತು. ನೀನು ಬೆಳಿಗ್ಗೆ ನಿಜವನ್ನು ಹಿಡಿದೆಯಲ್ಲ, ಆ ಹೆಂಗಸಿನ ರಕ್ತ ನಿಂತಿತೆ?" ಎಂದರು ಗುರುಗಳು.