ಮಣೆ ಹಿಡಿದ ಬೇರು

"ಕೇಳಿರಪ್ಪೋ! ದಂಡಪಾಲ ಮಹಾರಾಜರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಕೋಟೆ ಬಾಗಿಲಿಗೆ!" ಡಂಗುರ ಊರೂರು ಸುತ್ತಿತು.

ಗಂಡಸರಿಗಷ್ಟೇ ಇರುವ, ಮೂತ್ರಕೋಶದ ಕೆಳಗಿನ ಗ್ರಂಥಿಯಲ್ಲಿ ರಾಜನಿಗೆ ಗಂಟೆದ್ದಿತ್ತು. ವೈದ್ಯ ಸಿದ್ಧಣ್ಣನ ಬೇರಿನ ಕಷಾಯಕ್ಕೆ ಅದು ಕುಗ್ಗಿತು, ಆಮೇಲೆ ಮತ್ತೆ ಬೆಳೆಯಿತು. ರಾಜ ಅವನನ್ನು ಸೆರೆಗೆ ತಳ್ಳಿ, ಚಾವಟಿಯಿಂದ ಬಾಯಿ ಬಿಡಿಸಿದ. ಆ ಗಂಟಿನ ಕುರಿತೇ ಕಟ್ಟಿದ ಮೂರು ಒಗಟುಗಳಲ್ಲಿ ಎರಡರ ಉತ್ತರ ರಾಜನಿಗೆ ಸಿಕ್ಕಿದ್ದು ಹಾಗೆ. ಮೂರನೆಯದು ಸಿದ್ಧಣ್ಣನಿಗೂ ಗೊತ್ತಿರಲಿಲ್ಲ.

ಅವನ ಮಗ ಕರಿಬಸ ಅರಮನೆಯ ಪಂಕ್ತಿಗೆ ಮಣೆ ಹಾಕುವ ಆಳು. ಅಪ್ಪನನ್ನು ಬಿಡಿಸಿಕೊಳ್ಳಲು ಅವನಿಗೆ ಬೇರೆ ದಾರಿಯಿರಲಿಲ್ಲ. ಒಗಟು ಬಿಡಿಸಲು ಬಂದ ವೈದ್ಯರ ಸಾಲಿನ ಕೊನೆಗೆ ನಿಂತ.

"ನನಗೆ ಮೀಸೆ ಕೊಟ್ಟವನೇ ನನ್ನ ಶತ್ರುವಿಗೆ ಉಣಿಸುತ್ತಿದ್ದಾನೆ. ಯಾರವನು?" ಎಂದ ರಾಜ.

"ತಮ್ಮ ತೀರ್ಥರೂಪರು," ಎಂದರು ಆಸ್ಥಾನವೈದ್ಯರು. ಪಾಪ, ನಮಸ್ಕಾರಕ್ಕೆ ಬಗ್ಗಿದ ಕತ್ತು ಮೇಲೇಳಲಿಲ್ಲ.

"ಮೈಯೊಳಗಿನ ಗಂಡುರಸ," ಎಂದು ಪರವೂರ ಪಂಡಿತ ಮೊದಲನೆಯದನ್ನು ಗೆದ್ದ.

"ಬೇರು ಆ ರಸವನ್ನು ಮುಟ್ಟಲಿಲ್ಲ. ಆದರೂ ಗಂಟು ಹಸಿದು ಸೊರಗಿತು. ಹೇಗೆ?"

"ಬೇರು ಗಂಟಿಗೆ ವಿಷವಾಯಿತು ಪ್ರಭು."

ಆ ತಲೆಯೂ ಉರುಳಿತು. ಉಳಿದ ವೈದ್ಯರೂ ಒಬ್ಬೊಬ್ಬರಾಗಿ ತಪ್ಪಿ ಬಾಗಿಲೇರಿದರು.

ಕರಿಬಸ ರಕ್ತ ತುಳಿದುಕೊಂಡೇ ಮುಂದೆ ಬಂದ. "ಮೊದಲನೆಯದು ಗಂಡುರಸವೇ, ಬುದ್ಧಿ. ಗಂಟಿನ ಕಣಕಣದಲ್ಲೂ ಅದಕ್ಕೊಂದು ಮಣೆಯಿದೆ. ರಸ ಬಂದು ಕೂತರೆ ಒಳಗೆ ಅಡುಗೆ ಬಡಿಸುತ್ತಾರೆ, ಗಂಟು ಉಣ್ಣುತ್ತದೆ. ಬೇರಿನ ಸಾರ ಆ ಮಣೆ ಹಿಡಿದು ಉಪವಾಸ ಕೂತಿತು. ರಸಕ್ಕೆ ಜಾಗವಿಲ್ಲ, ಗಂಟಿಗೆ ಊಟವಿಲ್ಲ."

"ಅದೇ ಬೇರು ಕುಡಿಯುತ್ತಿದ್ದರೂ ಈಗ ಗಂಟು ಬೆಳೆಯುತ್ತಿದೆ. ಮೋಸ ಯಾರದು?"

"ಬೇರಿನದಲ್ಲ, ನಮ್ಮಪ್ಪನದೂ ಅಲ್ಲ. ಗಂಟು ತನ್ನ ಮಣೆಯನ್ನೇ ಬೇರೆ ಕೆತ್ತಿಕೊಂಡಿದೆ. ಈಗ ಬೇರು ಕೂತರೂ ಬಡಿಸುತ್ತಾರೆ. ಕಷಾಯ ನಿಲ್ಲಿಸಿ ನೋಡಿ. ಗಂಟು ತಗ್ಗದಿದ್ದರೆ ಈ ತಲೆ ತಮ್ಮದು."

ಕಷಾಯ ನಿಲ್ಲಿಸಿ, ಅವನನ್ನು ಸರಪಳಿಯಲ್ಲಿ ಬಿಗಿದು ಕೆಲವು ವಾರ ಕಾದರು. ಗಂಟು ತಗ್ಗಿತು.

"ಏನು ಬೇಕೋ ಕೇಳು," ಎಂದ ರಾಜ.

"ನಮ್ಮಪ್ಪ."

"ಕೊಟ್ಟೆ. ಇನ್ನು ನಾನು ಬದುಕಿದೆನಲ್ಲ?"

"ಇದು ಸ್ವಲ್ಪ ದಿನದ ಸುಖ, ಬುದ್ಧಿ. ಮಣೆ ಕೆಟ್ಟ ಮೇಲೆ ರಸ ಹುಟ್ಟುವ ಬೀಜವನ್ನೇ ಕೊಯ್ದು ತೆಗೆಯಬೇಕು."

ರಾಜ ಎರಡೂ ಕೈಯಿಂದ ತೊಡೆಸಂದಿ ಮುಚ್ಚಿಕೊಂಡ. ಜೀವದಾಸೆ ದೊಡ್ಡದು. "ಆಗಲಿ. ಕೊಯ್ಯಬಲ್ಲ ವೈದ್ಯರನ್ನು ಕರೆಸಿ!"

ವೈದ್ಯರೆಲ್ಲ ಕೋಟೆ ಬಾಗಿಲ ಮೇಲಿದ್ದರು. ಆಗ ಸೆರೆಯಿಂದ ಸಿದ್ಧಣ್ಣನನ್ನು ಕರೆತಂದರು. ಕರಿಬಸ ಓಡಿಹೋಗಿ ಅಪ್ಪನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ.

ಸಿದ್ಧಣ್ಣ ಮಣಿಕಟ್ಟಿನವರೆಗೆ ಕಡಿದಿದ್ದ ಎರಡು ಮೊಂಡುಗೈಗಳನ್ನೆತ್ತಿ ರಾಜನಿಗೆ ತೋರಿಸಿದ. "ಕೊಯ್ಯುವ ಕೈಗಳು ಇವೇ ಆಗಿದ್ದವು, ಬುದ್ಧಿ. ಹೋದ ತಿಂಗಳು ತಾವೇ ತೆಗೆಸಿದಿರಿ."