ಮಜ್ಜಿಗೆ ಸಿಗದ ಊರು

"ಬುದ್ಧಿ, ಏಳೆಂಟು ಊರಿನ ಹುಲ್ಲುಗಾವಲು ನೋಡಿ ಬಂದೆ. ಎಲ್ಲ ಕಡೆಯೂ ಹುಲ್ಲು ಮೊಳಕಾಲೆತ್ತರ. ಅದು ಹೇಗೆ ಉಳಿಯಿತು ಎಂದು ಕೇಳಿದರೆ ಒಬ್ಬರು ಬೇಲಿಯಿಂದ ಎನ್ನುತ್ತಾರೆ, ಒಬ್ಬರು ದೇವರ ಭಯದಿಂದ ಎನ್ನುತ್ತಾರೆ, ಇನ್ನೊಬ್ಬರು ಹಿರಿಯರ ಮಾತಿನಿಂದ ಎನ್ನುತ್ತಾರೆ. ನಮ್ಮೂರಿಗೆ ನಾನು ಯಾವುದನ್ನು ಹೇಳಲಿ?"

ಶಿಷ್ಯ ಮರುಳಸಿದ್ಧ ಹೀಗೆ ಕೇಳಿ ಗುರುಗಳ ಮುಂದೆ ಕುಳಿತ. ಅವನ ಊರಿನ ದನಗಳೆಲ್ಲ ಮೇಯುವ ಕಾವಲು ಬೋಳಾಗುತ್ತ ಬಂದಿತ್ತು. "ಉಳಿಸುವ ದಾರಿ ಇದ್ದರೆ ತಿಳಿದು ಬಂದು ಹೇಳು. ಇಲ್ಲದಿದ್ದರೆ ಬರುವ ಅಮಾವಾಸ್ಯೆಗೆ ಅದನ್ನು ಹೊಲವುಳ್ಳವರು ಹಂಚಿಕೊಳ್ಳುತ್ತೇವೆ" ಎಂದು ಊರವರು ಅವನನ್ನು ಕಳಿಸಿದ್ದರು. ಹಂಚಿಕೊಂಡರೆ ಹೊಲವಿಲ್ಲದವರ ದನಕ್ಕೆ ನಿಲ್ಲಲೂ ನೆಲವಿಲ್ಲ. ಅವನ ತಾಯಿಯ ಎಮ್ಮೆಗಳೂ ಅದರಲ್ಲೇ ಮೇಯುತ್ತಿದ್ದವು. ಅಮಾವಾಸ್ಯೆ ಹತ್ತಿರ ಬಂದಿತ್ತು. ಹೇಳಬೇಕಾದ ಮಾತು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಗುರುಗಳು ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಊರೂರು ತಿರುಗಿ ಸೊರಗಿರುತ್ತೀ ಎಂದುಕೊಂಡಿದ್ದೆ. ಮೈಕೈ ತುಂಬಿಕೊಂಡೇ ಬಂದಿದ್ದೀಯಲ್ಲ! ಇರಲಿ, ಕೇಳು."

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನ ಊರಿನ ಕಾವಲೂ ನಿಮ್ಮದರಂತೆಯೇ ಬೋಳಾಗಿತ್ತು. ಬೇರೆ ಊರುಗಳನ್ನು ನೋಡಿ ಬಾ ಎಂದು ಊರವರು ಅವನನ್ನೂ ಅಟ್ಟಿದರು. ದಾರಿಯಲ್ಲಿ ಬಾಯಾರಿದಾಗ ಅವನು ಯಾವುದಾದರೂ ಮನೆಯ ಜಗಲಿಯ ಮೇಲೆ ಕೂರುತ್ತಿದ್ದ. ಮಜ್ಜಿಗೆ ಕೊಟ್ಟ ಊರಿನಲ್ಲಿ ಕುಡಿದು, ಮೀಸೆ ಒರೆಸಿಕೊಂಡು, ಕಾವಲಿನ ವಿಚಾರ ಕೇಳುತ್ತಿದ್ದ. ಬರೀ ನೀರು ಕೊಟ್ಟ ಊರಿನಲ್ಲಿ ಮುಖ ಗಂಟು ಹಾಕಿಕೊಂಡು, "ದಾರಿಹೋಕನಿಗೆ ಒಂದು ಗುಟುಕು ಮಜ್ಜಿಗೆ ಕೊಡದವರು ನನಗೇನು ಹೇಳಿಯಾರು!" ಎಂದು ಎದ್ದು ನಡೆಯುತ್ತಿದ್ದ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ಆಸಾಮಿ.

ಮಜ್ಜಿಗೆ ಕೊಟ್ಟ ಊರುಗಳಲ್ಲೆಲ್ಲ ಅವನಿಗೆ ಒಂದು ಪದ್ಧತಿ ಕಂಡಿತು. ಮೊದಲ ಮಳೆ ಬಿದ್ದ ಕೂಡಲೇ ಕಾವಲಿನ ಬಾಯಿಗೆ ಬೇವಿನ ತೋರಣ ಕಟ್ಟುತ್ತಿದ್ದರು. ಅದರ ಎಲೆ ಒಣಗಿ ಉದುರುವ ತನಕ ಯಾರೂ ಒಳಗೆ ದನ ಬಿಡುವಂತಿಲ್ಲ. ಅಷ್ಟರಲ್ಲಿ ಹುಲ್ಲು ಬೇರು ಬಿಟ್ಟುಕೊಳ್ಳುತ್ತಿತ್ತು. ರೈತನಿಗೆ ಹಿಗ್ಗೋ ಹಿಗ್ಗು. ಓಡಿ ಬಂದು ಊರವರಿಗೆ ಹೇಳಿದ. ಅವರು ಮಳೆ ಬಿದ್ದ ದಿನವೇ ತೋರಣ ಕಟ್ಟಿ, ಕಾಯಿ ಒಡೆದು, ಕೈ ಮುಗಿದರು.

ವಾರ ಕಳೆಯುವ ಮೊದಲೇ ಊರ ಯಜಮಾನನ ದನ ತೋರಣದ ಕೆಳಗೆ ನುಗ್ಗಿದವು. ಅವುಗಳ ಹಿಂದೆ ಉಳಿದವರ ದನವೂ ನುಗ್ಗಿದವು. ಆ ವರ್ಷ ಇದ್ದಬದ್ದ ಹುಲ್ಲೂ ಹೋಯಿತು. ಊರವರು ರೈತನನ್ನು ನಿಲ್ಲಿಸಿ ಬೈದರು. ಪಾಪ, ಅವನಿಗೆ ತಪ್ಪೆಲ್ಲಿ ಎಂಬುದೇ ತಿಳಿಯಲಿಲ್ಲ. ಸೊಪ್ಪು ಬೇವಿನದೇ, ಕಟ್ಟಿದ ಜಾಗವೂ ಸರಿಯೇ. ಬೇರೆ ಊರಿನಲ್ಲಿ ದನ ತಡೆದ ತೋರಣ ಇಲ್ಲೇಕೆ ತಡೆಯಲಿಲ್ಲ? ಇನ್ನೊಮ್ಮೆ ನೋಡಿ ಬರುತ್ತೇನೆಂದು ಹೊರಟ.

ಈ ಸಲ ಬಿಸಿಲಿಗೆ ಸೋತು, ಹಿಂದೆ ಮುನಿಸಿಕೊಂಡು ಎದ್ದುಹೋಗಿದ್ದ ಜಗಲಿಯ ಮೇಲೆಯೇ ಕುಸಿದು ಕೂತ. ಮನೆಯ ಮುದುಕಿ ನೀರು ತಂದಳು. ಎದುರಿಗೆ ಬೋಳು ಕಾವಲು. ಅದರ ಬಾಯಲ್ಲಿ ಒಣಗಿದ ಬೇವಿನ ತೋರಣ!

"ಇದೇನವ್ವಾ, ನೀವೂ ತೋರಣ ಕಟ್ಟುತ್ತೀರಾ?"

"ಕಟ್ಟದೆ ಏನಪ್ಪಾ! ನಮ್ಮತ್ತೆಯ ಕಾಲದಿಂದಲೂ ಕಟ್ಟುತ್ತೇವೆ. ದೊಡ್ಡವರ ದನ ಅದರ ಕೆಳಗೇ ಹೋಗುತ್ತವೆ. ಹಿಡಿದು ದೊಡ್ಡಿಗೆ ಕೂಡುವ ಗಂಡಸು ಯಾರಿದ್ದಾನೆ? ಹೋದ ವರ್ಷ ಇಲ್ಲೇ ಕೂತು ಎದ್ದುಹೋದೆಯಲ್ಲ, ಆಗಲೇ ಕೇಳಿದ್ದರೆ ಹೇಳುತ್ತಿದ್ದೆ. ಹುಲ್ಲಿದ್ದರಲ್ಲವೇ ಹಸು, ಹಸುವಿದ್ದರಲ್ಲವೇ ಮಜ್ಜಿಗೆ?"

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರುಳಸಿದ್ಧನ ಮುಖ ಅರಳಿತು.

"ತಿಳಿಯಿತು ಬುದ್ಧಿ! ತೋರಣದಲ್ಲಿ ಏನೂ ಇಲ್ಲ. ದೊಡ್ಡವರ ದನ ಹಿಡಿದು ದೊಡ್ಡಿಗೆ ಕೂಡಬೇಕು. ಊರಿಗೆ ಅದನ್ನೇ ಹೇಳುತ್ತೇನೆ."

"ಅಬ್ಬಾ, ಏನು ಅವಸರ! ಆ ಮುದುಕಿಯ ಊರಿನಾಚೆ ಇನ್ನೊಂದು ಊರಿತ್ತು. ಅಲ್ಲಿ ದೊಡ್ಡವರ ದನವನ್ನೂ ಹಿಡಿದು ಕೂಡುತ್ತಿದ್ದರು. ಅಲ್ಲೂ ಹುಲ್ಲಿರಲಿಲ್ಲ."

ಮರುಳಸಿದ್ಧ ಮತ್ತೆ ಕಂಗೆಟ್ಟ. ಹಿಡಿದೆನೆಂದುಕೊಂಡದ್ದು ಕೈಜಾರಿತ್ತು. ತೋರಣ ನಿಜವೋ, ದೊಡ್ಡಿ ನಿಜವೋ, ಎರಡೂ ಸೇರಿದರೆ ನಿಜವೋ, ಎರಡೂ ಅಲ್ಲದ ಮೂರನೆಯದೋ? ತಾಯಿ ಎಮ್ಮೆಗಳ ಹಗ್ಗ ಹಿಡಿದು ಬಾಗಿಲಲ್ಲಿ ನಿಂತು ತನ್ನ ದಾರಿ ಕಾಯುತ್ತಿರುವುದು ಅವನಿಗೆ ನೆನಪಾಯಿತು.

"ಹಾಗಾದರೆ ನಾನು ಇಷ್ಟು ಊರು ತಿರುಗಿದ್ದು ವ್ಯರ್ಥವೇ ಬುದ್ಧಿ? ಇನ್ನು ಯಾರನ್ನು ಕೇಳಲಿ?"

ಗುರುಗಳು ಅವನ ತುಂಬಿದ ಕೆನ್ನೆಯನ್ನೇ ನೋಡುತ್ತ ಕೇಳಿದರು:

"ಆ ಊರುಗಳಲ್ಲಿ ನೀನು ಹಸಿದು ಮಲಗಿದ ಊರು ಯಾವುದಪ್ಪಾ?"

ಮರುಳಸಿದ್ಧ ಎಣಿಸಲೆಂದು ಬೆರಳು ಮಡಿಸಲು ಹೋದ; ಅಂಥ ಒಂದು ಊರೂ ಸಿಗಲಿಲ್ಲ. ಎದ್ದು, ಮಜ್ಜಿಗೆ ಸಿಗದ ಊರೊಂದನ್ನು ಹುಡುಕಿ ಹೊರಟ.